ದಣಿವಿಗೆ ಗುಳಿಗೆಯೇ ಮದ್ದೇ?

ಮೇ 1 ಸಂತ ಜೋಸೆಫರ ಹಬ್ಬ. ನಜರೇತಿನ ಆ ಬಡಗಿಯನ್ನು ದುಡಿಯುವವರ ಪಾಲಕರೆಂದು ಸ್ಮರಿಸುವ ಈ ಹಬ್ಬವನ್ನು ಜಗದ್ಗುರು ಹನ್ನೆರಡನೇ ಪಿಯುಸ್‌ರವರು 1955ರಲ್ಲಿ ಸ್ಥಾಪಿಸಿದರು. ಅಂದು ನಾವು ದುಡಿಮೆಯ ಹಿರಿಮೆಯನ್ನು ಕೊಂಡಾಡುತ್ತೇವೆ. ದುಡಿಯುವವರ ದಣಿವಿನ ಬಗ್ಗೆಯೂ ಎರಡು ಮಾತು ಆಡುವುದು ಈಗ ಅಗತ್ಯವಾಗಿದೆ. ದಣಿವನ್ನು ಗುಳಿಗೆಯಿಂದ ಗೆಲ್ಲಬಹುದು, ಬುದ್ಧಿಯನ್ನು ಗುಳಿಗೆಯಿಂದ ಚುರುಕಾಗಿಸಬಹುದು ಎಂಬ ನಂಬಿಕೆ ಕೆಲಸದ ಜಾಗಗಳಿಗೆ ಮೆಲ್ಲನೆ ಕಾಲಿಡುತ್ತಿದೆ.

ವಿಜಯಪುರದ ಇಬ್ರಾಹಿಂಪುರದಂಥ ಬಡಾವಣೆಗಳಲ್ಲಿ ರಾತ್ರಿ ದುಡಿಯುವವರ ಮನೆಗಳು ಅಪರೂಪವಲ್ಲ. ನಗರದ ಆಸ್ಪತ್ರೆಗಳಲ್ಲಿ ನರ್ಸುಗಳಿಗೆ ನೈಟ್ ಡ್ಯೂಟಿ ತಪ್ಪದು. ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ಹಗಲು ರಾತ್ರಿಗಳ ಭೇದವಿಲ್ಲ. ಸೊಲ್ಲಾಪುರ, ಹುಬ್ಬಳ್ಳಿ, ಹೊಸಪೇಟೆಗಳ ಕಡೆಗೆ ಲಾರಿಗಳು ಇರುಳಿಡೀ ಓಡುತ್ತವೆ. ಬೆಂಗಳೂರು ಸೇರಿದ ನಮ್ಮ ಮಕ್ಕಳಲ್ಲಿ ಕೆಲವರು ಅಮೆರಿಕದ ಹಗಲಿಗೆ ಸರಿಯಾಗಿ ಇಲ್ಲಿ ರಾತ್ರಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಚಹಾ ಸಾಲದೆ ಹೋದಾಗ ಯಾರೋ ಒಬ್ಬರು ಗುಳಿಗೆಯ ಹೆಸರು ಹೇಳುತ್ತಾರೆ.

ಈ ಗುಳಿಗೆಗಳು ಯಾವುವು? ಹಗಲಲ್ಲೂ ತಡೆಯಲಾರದಷ್ಟು ನಿದ್ದೆ ಬರುವ ಕಾಯಿಲೆಗೆಂದು ಮೊಡಾಫಿನಿಲ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ದೊರೆಯಿತು. ಗಮನ ನಿಲ್ಲದೆ ತೊಂದರೆಪಡುವ ಮಕ್ಕಳಿಗೆ ಮೀಥೈಲ್‌ಫೆನಿಡೇಟ್ ಕೊಡುತ್ತಾರೆ. ನಮ್ಮ ದೇಶದಲ್ಲಿ ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕಾಯಿಲೆಯಿದ್ದು ವೈದ್ಯರ ಮಾತಿನಂತೆ ಇವನ್ನು ಸೇವಿಸುವವರು ಯಾವ ಅಳುಕನ್ನೂ ಪಡಬೇಕಾಗಿಲ್ಲ. ರೋಗಿಗೆ ಔಷಧ ದೇವರ ಕೊಡುಗೆ. ನಮ್ಮ ಪ್ರಶ್ನೆ ಇರುವುದು ಕಾಯಿಲೆಯಿಲ್ಲದವರು ಹೆಚ್ಚು ದುಡಿಯಲೆಂದು ನುಂಗುವ ಬಗ್ಗೆ.

ಇದು ಹೊಸ ಆಸೆಯೇನಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಬ್ರಿಟನ್, ಅಮೆರಿಕ ಮೂರೂ ದೇಶಗಳು ಸೈನಿಕರನ್ನು ಎಚ್ಚರವಾಗಿಡಲು ಆಂಫೆಟಮಿನ್ ಜಾತಿಯ ಗುಳಿಗೆಗಳನ್ನು ಹಂಚಿದವು. ಅವು ಚಟ ಹಿಡಿಸುವಂಥವು ಎಂಬುದು ಕ್ರಮೇಣ ಎಲ್ಲರಿಗೂ ತಿಳಿಯಿತು. 2008ರಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆ ತನ್ನ ಓದುಗರನ್ನು ಕೇಳಿದಾಗ, ಉತ್ತರಿಸಿದ ಸುಮಾರು 1,400 ಜನರಲ್ಲಿ ಐವರಿಗೊಬ್ಬರು ಗಮನ ಅಥವಾ ನೆನಪಿನ ಶಕ್ತಿಗಾಗಿ ಇಂಥ ಔಷಧ ಬಳಸಿದ್ದುಂಟು ಎಂದರು. ಓದು ಬಲ್ಲವರ ಪಾಡೇ ಹೀಗೆ!

ಇಷ್ಟಾಗಿ ಲಾಭವಾದರೂ ಇದೆಯೇ? ಮೆಲ್ಬರ್ನ್ ಮತ್ತು ಕೇಂಬ್ರಿಜ್ ವಿದ್ವಾಂಸರು 2023ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಆರೋಗ್ಯವಂತರಾದ 40 ಜನರಿಗೆ ಒಂದು ಚೀಲದ ಲೆಕ್ಕ ಕೊಡಲಾಯಿತು: ಇಂತಿಷ್ಟೇ ತೂಕ ಹಿಡಿಯುವ ಚೀಲದಲ್ಲಿ ಅತಿ ಹೆಚ್ಚು ಬೆಲೆಯ ವಸ್ತುಗಳನ್ನು ತುಂಬಬೇಕು. ಗುಳಿಗೆ ತೆಗೆದುಕೊಂಡ ದಿನ ಅವರು ಹೆಚ್ಚು ಹೊತ್ತು, ಹೆಚ್ಚು ಹುರುಪಿನಿಂದ ಶ್ರಮಿಸಿದರು. ಆದರೆ ಶ್ರಮದ ಗುಣಮಟ್ಟ ಇಳಿದಿತ್ತು. ಬೆವರು ಹೆಚ್ಚಿತು, ಬೆಳೆ ಹೆಚ್ಚಲಿಲ್ಲ. ನಿದ್ದೆಗೆಟ್ಟವನನ್ನು ಗುಳಿಗೆ ಕೆಲ ಗಂಟೆ ಎಚ್ಚರವಿಡಬಲ್ಲದು, ನಿಜ. ಆದರೆ ಅದು ನಿದ್ದೆಯ ಸಾಲವನ್ನು ತೀರಿಸುವುದಿಲ್ಲ. ಸಾಲಗಾರನನ್ನು ಬಾಗಿಲಾಚೆ ನಿಲ್ಲಿಸುತ್ತದೆ, ಅಷ್ಟೇ.

ರೋಗಿಯ ಪ್ರಾಣ ನರ್ಸಿನ ಕೈಯಲ್ಲಿರುವಾಗ ಆಕೆ ಎಚ್ಚರವಾಗಿರುವುದು ಒಳ್ಳೆಯದಲ್ಲವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ರಾತ್ರಿಯ ಆಪತ್ತು ಬೇರೆ, ಪ್ರತಿ ವಾರದ ಪಾಳಿ ಬೇರೆ. ಇಬ್ಬರ ಕೆಲಸವನ್ನು ಒಬ್ಬಳ ಮೇಲೆ ಹೊರಿಸಿ, ಆಕೆ ಗುಳಿಗೆ ನುಂಗಿ ತೂಗಿಸಿಕೊಂಡು ಹೋದರೆ, ಉಳಿದ ಸಂಬಳ ಸಂಸ್ಥೆಯದು, ಕೆಟ್ಟ ಆರೋಗ್ಯ ಆಕೆಯದು. ಅಷ್ಟೇ ಅಲ್ಲ. ಒಬ್ಬಳು ನುಂಗಿ ನಿಭಾಯಿಸಿದರೆ, ‘ಅವಳಿಗೆ ಆಗುತ್ತದೆ, ನಿನಗೇಕೆ ಆಗದು?’ ಎಂಬ ಮಾತು ಪಕ್ಕದವಳ ಮೇಲೆ ಬೀಳುತ್ತದೆ. ಆಗ ಗುಳಿಗೆ ಬೇಡವೆನ್ನುವ ಸ್ವಾತಂತ್ರ್ಯ ಹೆಸರಿಗೆ ಮಾತ್ರ ಉಳಿಯುತ್ತದೆ.

ಈ ಒತ್ತಡ ಕಲ್ಪನೆಯದಲ್ಲ. ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ವಿಸ್ತರಿಸಲು ಅವಕಾಶ ಕೊಡುವ ಕಾರ್ಖಾನೆ ಕಾಯ್ದೆಯ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ 2023ರಲ್ಲಿ ಅಂಗೀಕರಿಸಿತು, ವಾರದ ಮಿತಿ 48 ಗಂಟೆ. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶವೇ ಚರ್ಚೆಗಿಳಿಯಿತು. ಗಂಟೆಗಳು ಬೆಳೆದಂತೆ ಗುಳಿಗೆಯ ಆಸೆಯೂ ಬೆಳೆಯುತ್ತದೆ.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ದುಡಿಮೆಯ ಅವಧಿ ಕಾರ್ಮಿಕನ ಶಕ್ತಿಯನ್ನು ಮೀರಬಾರದೆಂದು ಜಗದ್ಗುರು ಹದಿಮೂರನೇ ಲಿಯೋರವರು 1891ರಲ್ಲೇ ಬೋಧಿಸಿದರು. ದುಡಿಮೆ ಇರುವುದು ಮನುಷ್ಯನಿಗಾಗಿ ಎಂಬುದನ್ನು ಎರಡನೇ ಜಾನ್ ಪಾಲ್‌ರವರು 1981ರ ತಮ್ಮ ವಿಶ್ವಪತ್ರದಲ್ಲಿ ವಿವರಿಸಿದರು. ಪ್ರವಾದಿ ಎಲೀಯ ಬಸವಳಿದು ಗಿಡದಡಿ ಬಿದ್ದುಕೊಂಡಾಗ ದೇವರು ಆತನನ್ನು ಗದರಿಸಲಿಲ್ಲ. ನಿದ್ದೆ ಮಾಡಲು ಬಿಟ್ಟರು, ರೊಟ್ಟಿ ನೀರು ಕೊಟ್ಟರು, ಮತ್ತೆ ಮಲಗಲು ಬಿಟ್ಟರು. ಪ್ರಯಾಣ ಅದಾದ ಮೇಲೆ. ಯೇಸುಸ್ವಾಮಿಯೂ ದೋಣಿಯಲ್ಲಿ ತಲೆದಿಂಬಿಟ್ಟು ನಿದ್ರಿಸಿದರು. ದಣಿವು ಪಾಪವಲ್ಲ, ನಾಚಿಕೆಯೂ ಅಲ್ಲ.

ಹಾಗಾದರೆ ಚಹಾವೂ ತಪ್ಪೇ? ಇಲ್ಲ. ಒಂದು ಸರಳ ಪರೀಕ್ಷೆಯಿದೆ. ನಾವು ಸೇವಿಸುವುದನ್ನು ಮನೆಯವರಿಗೆ, ವೈದ್ಯರಿಗೆ, ಮೇಲಧಿಕಾರಿಗೆ ಮುಚ್ಚುಮರೆಯಿಲ್ಲದೆ ಹೇಳಬಲ್ಲೆವೇ? ಬೇಡವೆನಿಸಿದ ದಿನ ಬಿಡಬಲ್ಲೆವೇ? ಎರಡಕ್ಕೂ ಹೌದೆನ್ನಲಾಗದಿದ್ದರೆ ಅಲ್ಲೇ ನಿಲ್ಲೋಣ.

ಪ್ರಿಯರೇ, ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಮನೆಯಲ್ಲಿ ಹಗಲು ನಿದ್ದೆಗೆ ಅನುವು ಮಾಡಿಕೊಡೋಣ. ಟಿವಿ ಸದ್ದು ತಗ್ಗಿಸುವುದೂ ಒಂದು ಪ್ರೀತಿಕಾರ್ಯ. ದೂರದ ಊರಿನ ಮಕ್ಕಳಿಗೆ ಫೋನ್ ಮಾಡಿದಾಗ ಸಂಬಳದ ಜೊತೆ ನಿದ್ದೆಯನ್ನೂ ವಿಚಾರಿಸೋಣ. ನಮ್ಮ ಕೈಕೆಳಗೆ ದುಡಿಯುವ ಚಾಲಕರು, ಸಹಾಯಕರು ಇದ್ದರೆ, ಅವರ ಪಾಳಿ ಒಬ್ಬ ಆರೋಗ್ಯವಂತ ಮನುಷ್ಯ ಗುಳಿಗೆಯಿಲ್ಲದೆ ಮಾಡಬಹುದಾದಷ್ಟೇ ಇದೆಯೇ ಎಂದು ಲೆಕ್ಕ ಹಾಕೋಣ. ಸಂತ ಜೋಸೆಫರು ನಮ್ಮ ದುಡಿಮೆಯನ್ನೂ ವಿಶ್ರಾಂತಿಯನ್ನೂ ಕಾಯಲಿ.