ತೊಡೆಯ ನೋವಿಗೆ ಸ್ಟ್ಯಾಟಿನ್ ಎಷ್ಟು ಹೊಣೆ?

ಕೊಲೆಸ್ಟರಾಲ್ ಇಳಿಸಲು ವೈದ್ಯರು ಬರೆದುಕೊಡುವ ಸ್ಟ್ಯಾಟಿನ್ ಮಾತ್ರೆಯನ್ನು ಅರ್ಧಕ್ಕೇ ಬಿಡುವವರು ಸಾಮಾನ್ಯವಾಗಿ ಹೇಳುವ ಕಾರಣ ಮೈಕೈ ನೋವು. ತೊಡೆ ಹಿಡಿದುಕೊಳ್ಳುತ್ತದೆ, ಮೀನಖಂಡ ಸೆಳೆಯುತ್ತದೆ, ಮೆಟ್ಟಿಲು ಹತ್ತುವುದೇ ಕಷ್ಟವಾಗುತ್ತದೆ. ಒಮ್ಮೆ ಹೃದಯಾಘಾತವಾದವರಿಗೆ ಇನ್ನೊಂದು ಬಾರದಂತೆ ಕಾಯುವ ಔಷಧಗಳಲ್ಲಿ ಇದು ಮುಖ್ಯವಾದದ್ದು. ಹಾಗಿರುವಾಗ, ನೋವಿಗೆ ಮಾತ್ರೆಯೇ ಕಾರಣವೇ ಎಂದು ವಿಚಾರಿಸದೆ ಅದನ್ನು ಕೈಬಿಡುವುದು ಜೀವಕ್ಕೇ ಎರವಾಗಬಹುದು.

ಈ ಪ್ರಶ್ನೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಬಲು ಅಚ್ಚುಕಟ್ಟಾದ ಒಂದು ಪ್ರಯೋಗ ಹೂಡಿದರು. 'ಸ್ಯಾಮ್ಸನ್' ಎಂಬ ಈ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅಡ್ಡಪರಿಣಾಮ ತಾಳಲಾರದೆ ಹಿಂದೆ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಒಬ್ಬೊಬ್ಬರಿಗೂ 12 ಡಬ್ಬಿ ಕೊಟ್ಟರು. ನಾಲ್ಕರಲ್ಲಿ 20 ಮಿಲಿಗ್ರಾಂನ ಅಟೋರ್ವಸ್ಟ್ಯಾಟಿನ್, ನಾಲ್ಕರಲ್ಲಿ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಹುಸಿಮಾತ್ರೆ, ಉಳಿದ ನಾಲ್ಕು ಖಾಲಿ. ತಿಂಗಳಿಗೊಂದು ಡಬ್ಬಿ. ನುಂಗುತ್ತಿರುವುದು ಔಷಧವೋ ಹುಸಿಯೋ ಎಂಬುದು ಅವರಿಗೆ ತಿಳಿಯದು. ಪ್ರತಿದಿನ ತಮಗಾದ ತೊಂದರೆಗೆ 0ಯಿಂದ 100ರವರೆಗೆ ಅಂಕ ಕೊಟ್ಟು ಮೊಬೈಲಿನಲ್ಲಿ ದಾಖಲಿಸಬೇಕು.

ಏನನ್ನೂ ನುಂಗದ ತಿಂಗಳುಗಳಲ್ಲಿ ಸರಾಸರಿ ಅಂಕ 8. ಸ್ಟ್ಯಾಟಿನ್ ನುಂಗಿದಾಗ 16.3. ಹುಸಿಮಾತ್ರೆ ನುಂಗಿದಾಗಲೂ 15.4! ಅಂದರೆ ತೊಂದರೆಯ ಬಹುಪಾಲು ಬಂದದ್ದು ಮಾತ್ರೆಯೊಳಗಿನ ರಾಸಾಯನಿಕದಿಂದಲ್ಲ, ಮಾತ್ರೆ ನುಂಗುವ ಕ್ರಿಯೆಯಿಂದ. ಕೇಡಾಗುತ್ತದೆಂಬ ನಿರೀಕ್ಷೆಯೇ ಕೇಡನ್ನು ತರುವ ಇದಕ್ಕೆ ವೈದ್ಯಕೀಯದಲ್ಲಿ ನೊಸೀಬೊ ಪರಿಣಾಮ ಎನ್ನುತ್ತಾರೆ. ಇದನ್ನು ನಟನೆಯೆಂದೋ ಭ್ರಮೆಯೆಂದೋ ತಳ್ಳಿಹಾಕುವುದು ಅನ್ಯಾಯ. ನೋವು ಅನುಭವಕ್ಕೆ ಬಂದದ್ದೇ ನಿಜ. ಅದಕ್ಕೆ ಹಚ್ಚಿದ ಕಾರಣವಷ್ಟೇ ತಪ್ಪು. ತಮ್ಮದೇ ಅಂಕಗಳನ್ನು ಕಣ್ಣಾರೆ ಕಂಡ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಆರಂಭಿಸಿದರು.

ಹಾಗೆಂದು ಔಷಧ ಪೂರ್ತಿ ನಿರಪರಾಧಿಯೂ ಅಲ್ಲ. 19 ಪ್ರಯೋಗಗಳ ಸುಮಾರು 1,24,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮೊದಲ ವರ್ಷದಲ್ಲಿ ಸಾವಿರ ಜನರಲ್ಲಿ ಸುಮಾರು 11 ಮಂದಿಗೆ ಹೆಚ್ಚುವರಿಯಾಗಿ ಸ್ನಾಯುನೋವೋ ನಿಶ್ಶಕ್ತಿಯೋ ಕಾಣಿಸಿಕೊಂಡಿತ್ತು, ಬಹುಮಟ್ಟಿಗೆ ಸೌಮ್ಯವಾಗಿ. ತೀರ ಅಪರೂಪಕ್ಕೆ ಸ್ನಾಯುಕೋಶಗಳೇ ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುವುದುಂಟು. ಬೇಯರ್ ಕಂಪನಿ ಸೆರಿವಸ್ಟ್ಯಾಟಿನ್ ಎಂಬ ಔಷಧವನ್ನು 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದದ್ದು ಇಂಥ ಸಾವುಗಳಿಂದಾಗಿಯೇ. ಅದನ್ನು ಜೆಮ್‌ಫೈಬ್ರೋಜಿಲ್ ಜೊತೆಗೆ ತೆಗೆದುಕೊಂಡವರಲ್ಲಿ ಅಪಾಯ ವಿಶೇಷವಾಗಿ ಹೆಚ್ಚಿತ್ತು.

ಜೊತೆಗೆ ಏನು ಸೇವಿಸುತ್ತೇವೆ ಎಂಬುದು ಈಗಲೂ ಮುಖ್ಯ. ಕ್ಲಾರಿತ್ರೋಮೈಸಿನ್‌ನಂಥ ಆಂಟಿಬಯಾಟಿಕ್ ಸಿಮ್ವಸ್ಟ್ಯಾಟಿನ್, ಅಟೋರ್ವಸ್ಟ್ಯಾಟಿನ್‌ಗಳನ್ನು ಕರಗಿಸುವ ಕಿಣ್ವವನ್ನು ತಡೆದು, ರಕ್ತದಲ್ಲಿ ಅವುಗಳ ಪ್ರಮಾಣ ಏರಿಸುತ್ತದೆ. ದೇವನಹಳ್ಳಿಗೆ ಹೆಸರು ತಂದ ನಮ್ಮ ಚಕ್ಕೋತದಲ್ಲೂ ಆ ಕಿಣ್ವವನ್ನು ತಡೆಯಬಲ್ಲ ರಾಸಾಯನಿಕಗಳಿವೆ. ಈ ಎರಡು ಸ್ಟ್ಯಾಟಿನ್‌ಗಳಲ್ಲಿ ಒಂದನ್ನು ತೆಗೆದುಕೊಳ್ಳುತ್ತಿರುವವರು ಚಕ್ಕೋತದ ವಿಷಯವನ್ನೂ ವೈದ್ಯರಿಗೆ ಹೇಳಬೇಕು. ಥೈರಾಯ್ಡ್ ಕೊರತೆ ಇರುವವರಿಗೆ, ವಯಸ್ಸಾದವರಿಗೆ, ಹೆಚ್ಚಿನ ಡೋಸ್ ತೆಗೆದುಕೊಳ್ಳುವವರಿಗೆ ಸ್ನಾಯುಗಳ ತೊಂದರೆ ಬರುವ ಸಾಧ್ಯತೆ ಹೆಚ್ಚು.

ಸ್ಟ್ಯಾಟಿನ್ ತರುವ ನೋವು ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿ, ಎರಡೂ ಭುಜಗಳಲ್ಲಿ ಒಟ್ಟಿಗೆ, ಮಾತ್ರೆ ಶುರುವಾದ ಕೆಲವು ವಾರಗಳಲ್ಲೇ ಕಾಣಿಸುತ್ತದೆ. ಒಂದೇ ಮಂಡಿಯ ನೋವಿಗೆ ಬೇರೆ ಕಾರಣ ಹುಡುಕಬೇಕು. ಶಂಕೆ ಬಲವಾಗಿದ್ದರೆ ವೈದ್ಯರು ಕ್ರಿಯಾಟಿನ್ ಕೈನೇಸ್ ಎಂಬ ರಕ್ತಪರೀಕ್ಷೆ ಮಾಡಿಸಿ, ಕೆಲವು ವಾರ ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಆಮೇಲೆ ಡೋಸ್ ಇಳಿಸಿಯೋ ಬೇರೆ ಸ್ಟ್ಯಾಟಿನ್ ಕೊಟ್ಟೋ ಮತ್ತೆ ಪ್ರಯತ್ನಿಸುತ್ತಾರೆ. ಯಾವುದೂ ಒಗ್ಗದವರಿಗೆ ಎಜೆಟಿಮೈಬ್, ಬೆಂಪೆಡೋಯಿಕ್ ಆಮ್ಲದಂಥ ಬೇರೆ ಔಷಧಗಳಿವೆ. ಆದರೆ ತೀವ್ರ ನೋವು, ನಿಶ್ಶಕ್ತಿಯ ಜೊತೆ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.