ಹಸಿ ಕಟ್ಟಿಗೆ ಸೀಳದಂತೆ ಒಣಗಿಸುವ ವಿಧಾನ

ಕೊಡಲಿ, ಗುದ್ದಲಿಗಳ ಕಾವು, ಕುಂಟೆಯ ಮೇಳಿ, ನೊಗ ಇವುಗಳಿಗೆಂದು ಕಡಿದಿಟ್ಟ ಜಾಲಿ ಅಥವಾ ಬೇವಿನ ತುಂಡು ಕೆಲವೇ ದಿನಗಳಲ್ಲಿ ತುದಿಯಿಂದ ಸೀಳುವುದನ್ನು ರೈತರೆಲ್ಲರೂ ಕಂಡಿದ್ದಾರೆ. ಸೀಳಿದ ಕಾವು ಕೆಲಸದ ನಡುವೆ ಮುರಿದರೆ ಆ ದಿನದ ಕೂಲಿ ಹಾಳು. ಕೊಡಲಿ ಕಳಚಿ ಹಾರಿದರೆ ಜೀವಕ್ಕೇ ಅಪಾಯ.

ಶಕ್ತಿನಗರ, ದೇವದುರ್ಗ, ಮಾನ್ವಿ ಸುತ್ತಿನ ಊರುಗಳಲ್ಲಿ ಈ ತೊಂದರೆ ಹೆಚ್ಚು. ಬೇಸಿಗೆಯಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಗಾಳಿಯೂ ಒಣಗಾಳಿ. ಬೇಗ ಒಣಗಲೆಂದು ಹಸಿ ಕಟ್ಟಿಗೆಯನ್ನು ಬಿಸಿಲಿಗೆ ಹಾಕಿದರೆ ಸೀಳನ್ನು ನಾವೇ ಕರೆದಂತೆ.

ಸೀಳುವುದೇಕೆ?

ಹಸಿ ಕಟ್ಟಿಗೆಯ ಜೀವಕೋಶಗಳ ಪೊಳ್ಳಿನಲ್ಲೂ ಗೋಡೆಗಳಲ್ಲೂ ನೀರಿರುತ್ತದೆ. ಮೊದಲು ಪೊಳ್ಳಿನ ನೀರು ಆರುತ್ತದೆ. ಆಗ ಕಟ್ಟಿಗೆ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಸುಮಾರು ಶೇ. 30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಟು ಕಟ್ಟಿಗೆ ಕುಗ್ಗತೊಡಗುತ್ತದೆ. ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ. ಆದರೆ ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುತ್ತಳತೆಯಲ್ಲಿ ಕುಗ್ಗುವುದು ಸುಮಾರು ಎರಡು ಪಟ್ಟು. ಆದುದರಿಂದ ದುಂಡು ಕಟ್ಟಿಗೆ ತಿರುಳಿನವರೆಗೆ ಸೀಳುತ್ತದೆ.

ಇದಲ್ಲದೆ, ಮಗ್ಗುಲಿಗಿಂತ ತುದಿಯಿಂದ ನೀರು ಹಲವು ಪಟ್ಟು ಬೇಗ ಆರುತ್ತದೆ. ಒಣಗಿದ ತುದಿ ಕುಗ್ಗಲು ಎಳೆಯುತ್ತದೆ, ಹಸಿಯಾಗಿರುವ ಒಳಭಾಗ ಬಿಡುವುದಿಲ್ಲ. ಈ ಎಳೆದಾಟದಲ್ಲಿ ಬಿರುಕು ಬೀಳುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಸಾಧ್ಯವಾದರೆ ನವೆಂಬರ್‌ನಿಂದ ಜನವರಿಯೊಳಗೆ ಕಡಿಯಿರಿ. ಕಡು ಬೇಸಿಗೆ ಬೇಡ.

2. ಬೇಕಾದ ಉದ್ದಕ್ಕಿಂತ ಎರಡೂ ತುದಿಗಳಲ್ಲಿ 4 ಅಂಗುಲ ಹೆಚ್ಚಿಗೆ ಬಿಡಿ. ತುದಿ ಸೀಳಿದರೂ ಕತ್ತರಿಸಿ ತೆಗೆಯಬಹುದು.

3. ಕಡಿದ ದಿನವೇ ತುದಿಗಳಿಗೆ ಡಾಂಬರು, ಹಳೆಯ ಎಣ್ಣೆ ಬಣ್ಣ ಅಥವಾ ಕರಗಿಸಿದ ಮೇಣವನ್ನು ದಪ್ಪನಾಗಿ ಬಳಿಯಿರಿ. ಬಿರುಕು ಕಂಡ ಮೇಲೆ ಬಳಿದರೆ ಫಲವಿಲ್ಲ.

4. ದಪ್ಪ ಕಟ್ಟಿಗೆಯನ್ನು ನಡುತಿರುಳಿನ ಮೂಲಕ ಎರಡಾಗಿ ಅಥವಾ ನಾಲ್ಕಾಗಿ ಸೀಳಿರಿ. ತಿರುಳನ್ನೂ ತೊಗಟೆಯನ್ನೂ ತೆಗೆದುಬಿಡಿ. ತೊಗಟೆ ಉಳಿದರೆ ಅದರಡಿ ಹುಳು ಸೇರುತ್ತದೆ.

5. ನೆರಳಿನಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಒಟ್ಟಿರಿ. ಸಾಲು ಸಾಲಿನ ನಡುವೆ 2 ಅಡಿಗೊಂದರಂತೆ ಅಂಗುಲ ದಪ್ಪದ ಒಣ ರೀಪುಗಳನ್ನಿಡಿ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು. ಇಲ್ಲವಾದರೆ ಕಟ್ಟಿಗೆ ಡೊಂಕಾಗುತ್ತದೆ. ಮೇಲೆ ಕಲ್ಲಿನ ಭಾರ ಹೇರಿ, ಬಿಸಿಗಾಳಿ ಬೀಸುವ ಕಡೆಗೆ ತಟ್ಟಿ ಕಟ್ಟಿರಿ.

ಜಾಲಿಯನ್ನು ಕೆಲವು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಡುವ ಹಿರಿಯರ ಪದ್ಧತಿಯಲ್ಲಿ ಅರ್ಥವಿದೆ. ಇದರಿಂದ ಕುಟ್ಟೆ ಹುಳುವಿನ ಕಾಟ ಕಡಿಮೆಯಾಗುತ್ತದೆ. ಆದರೆ ನೀರಿನಿಂದ ತೆಗೆದ ಮೇಲೂ ನೆರಳಿನಲ್ಲೇ ಒಣಗಿಸಬೇಕು.

ಒಣಗಿತೆಂದು ತಿಳಿಯುವುದು ಹೇಗೆ?

ತಕ್ಕಡಿಯೇ ಇದಕ್ಕೆ ಸಾಕ್ಷಿ. ಒಂದು ತುಂಡಿಗೆ ಗುರುತು ಹಾಕಿ 15 ದಿನಕ್ಕೊಮ್ಮೆ ತೂಗಿರಿ. ತೇವಾಂಶವನ್ನು ಪೂರ್ಣ ಒಣತೂಕದ ಮೇಲೆ ಲೆಕ್ಕ ಹಾಕುತ್ತಾರೆ. 8 ಕಿಲೋ ತೂಗುವ ಹಸಿ ತುಂಡಿನಲ್ಲಿ 5 ಕಿಲೋ ಕಟ್ಟಿಗೆ, 3 ಕಿಲೋ ನೀರು ಇದ್ದರೆ ತೇವಾಂಶ ಶೇ. 60. ಅದೇ ತುಂಡು 5.6 ಕಿಲೋಗೆ ಇಳಿದಾಗ ಶೇ. 12. ಒಣಹವೆಯಲ್ಲಿ ಸತತ ಎರಡು ಸಲ ತೂಕ ಇಳಿಯದಿದ್ದರೆ ಕಟ್ಟಿಗೆ ಕೆಲಸಕ್ಕೆ ಸಿದ್ಧವೆಂದು ತಿಳಿಯಿರಿ.

ಹಸಿ ಕಾವನ್ನು ಎಷ್ಟೇ ಬಿಗಿಯಾಗಿ ಕೂಡಿಸಿದರೂ ಅದು ಒಣಗಿ ಕುಗ್ಗಿದಾಗ ಸಡಿಲವಾಗುತ್ತದೆ. ಆದುದರಿಂದ ಮುಂದಿನ ಮುಂಗಾರಿಗೆ ಬೇಕಾದ ಕಟ್ಟಿಗೆಯನ್ನು ಈ ಚಳಿಗಾಲದಲ್ಲೇ ಕಡಿದು, ತುದಿ ಬಳಿದು, ನೆರಳಿಗೆ ಒಟ್ಟುವುದು ಲೇಸು.