34 ರಾಜ್ಯ ಕೈ ಎತ್ತಿದರೆ ಅಮೆರಿಕದ ಸಂವಿಧಾನ ಬದಲಾಗುತ್ತಾ?

ಅಮೆರಿಕದ ಸಂವಿಧಾನಕ್ಕೆ ಈವರೆಗೆ 27 ತಿದ್ದುಪಡಿ ಆಗಿವೆ. ಅಷ್ಟನ್ನೂ ಮಂಡಿಸಿದ್ದು ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್. ಆದರೆ 5ನೇ ವಿಧಿಯಲ್ಲಿ ಇನ್ನೊಂದು ದಾರಿ ಇದೆ. ಆ ದಾರಿಯಲ್ಲಿ ಒಂದೇ ಒಂದು ತಿದ್ದುಪಡಿಯೂ ಬಂದಿಲ್ಲ!

50ರಲ್ಲಿ 34 ರಾಜ್ಯಗಳ ಶಾಸನಸಭೆಗಳು ಕೇಳಿದರೆ, ತಿದ್ದುಪಡಿ ಸೂಚಿಸೋಕೆ ಕಾಂಗ್ರೆಸ್ ಸಂವಿಧಾನ ಸಮಾವೇಶ ಕರೆಯಲೇಬೇಕು.

ಬೇಕು ಅನ್ನುವವರ ವಾದ ಏನು? ಸರ್ಕಾರದ ಸಾಲಕ್ಕೆ ಕಡಿವಾಣ, ಸಂಸದರ ಅವಧಿಗೆ ಮಿತಿ, ಇವನ್ನೆಲ್ಲ ಕಾಂಗ್ರೆಸ್ ತಾನಾಗಿ ಮಾಡಲ್ಲ. ಒತ್ತಡ ಬಿದ್ದರೆ ಮಾತ್ರ ಮಣಿಯುತ್ತೆ. ಹಿಂದೆ ಸೆನೆಟರ್‌ಗಳನ್ನು (ಮೇಲ್ಮನೆ ಸದಸ್ಯರನ್ನು) ಜನರೇ ಆರಿಸಲಿ ಅಂತ ಹಲವು ರಾಜ್ಯಗಳು ಸಮಾವೇಶಕ್ಕೆ ಪಟ್ಟು ಹಿಡಿದವು. ಆ ಒತ್ತಡಕ್ಕೆ ಕಾಂಗ್ರೆಸ್ ತಾನೇ ತಿದ್ದುಪಡಿ ಮಂಡಿಸಿತು, 1913ರಲ್ಲಿ ಅದು 17ನೇ ತಿದ್ದುಪಡಿಯಾಗಿ ಜಾರಿಗೆ ಬಂತು.

ಬೇಡ ಅನ್ನುವವರ ಭಯ? 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದವರು ಬಂದಿದ್ದು ರಾಜ್ಯಗಳ ನಡುವಿನ ಹಳೆಯ ಒಪ್ಪಂದ ತಿದ್ದೋಕೆ. ಬರೆದಿದ್ದು ಹೊಸ ಸಂವಿಧಾನವನ್ನೇ! ಮತ್ತೆ ಹಾಗಾದರೆ? ಚರ್ಚೆಯ ವಿಷಯಕ್ಕೆ ಮಿತಿ ಇದೆಯಾ? ಕ್ಯಾಲಿಫೋರ್ನಿಯಾಕ್ಕೂ ಪುಟ್ಟ ಜನಸಂಖ್ಯೆಯ ವಯೋಮಿಂಗ್‌ಗೂ ಒಂದೊಂದೇ ಮತವಾ? 5ನೇ ವಿಧಿ ತುಟಿ ಬಿಚ್ಚಲ್ಲ.

ಒಂದು ಕಾವಲಂತೂ ಇದೆ: ಸಮಾವೇಶ ಏನೇ ಸೂಚಿಸಲಿ, 38 ರಾಜ್ಯ ಒಪ್ಪಲೇಬೇಕು.

ಹಾಗಾದರೆ ಕರೆಯಬೇಕಾ? ಕರೆಯಲಿ, ಆದರೆ ಮತ ಹೇಗೆ, ವಿಷಯ ಯಾವುದು ಅನ್ನೋ ನಿಯಮ ಮೊದಲು ಬರೆದಿಡಲಿ. ನೀವೇನಂತೀರಿ? ಕಾಮೆಂಟ್ ಮಾಡಿ.